ನಾಲ್ಕು ಚೀಲ, ಒಂದು ಹೊಸಿಲು

ಅವರದ್ದು ಕೈಗುಣ ಎನ್ನುತ್ತಾರೆ. ಅವರ ತಿಥಿಯ ದಿನ ಶಾಮಿಯಾನದ ಕೆಳಗೆ ಊಟಕ್ಕೆ ಕೂತಾಗ ಮೂವರು ಬೇರೆ ಬೇರೆ ಜನ ನನಗೆ ಇದನ್ನೇ ಹೇಳಿದರು. "ಆವಮ್ಮ ಮುಟ್ಟುದ್ರೆ ಸಾಕು ಕಣವ್ವ, ಕುಂತಲ್ಲೇ ಕುಂತಿರೋ ಕೂಸೂ ಎದ್ದು ಓಡಾಡ್ಬುಡೋದು." ಮೂವರು ಒಂದೇ ಮಾತು ಹೇಳಿದರೆ ಅದು ನಿಜ ಎಂದಾಗುವುದಿಲ್ಲ. ಮೂವರೂ ಅದನ್ನು ಒಂದೇ ಕಡೆ ಕೇಳಿಸಿಕೊಂಡಿದ್ದಾರೆ ಎಂದಷ್ಟೇ ಆಗುತ್ತದೆ.

ನನ್ನ ಆಕ್ಷೇಪಣೆ ಇಷ್ಟೇ. ನಾನು ಎರಡು ವರ್ಷ ಆ ಮನೆಗೆ ಹೋಗಿ ಬಂದವಳು. ಅವರ ಕೈ ಮಕ್ಕಳನ್ನು ಮುಟ್ಟುತ್ತಿದ್ದದ್ದು ಮೂಗು ಒರೆಸಲು, ಕುಂಡಿ ತೊಳೆಯಲು, ಅಳುವ ಕೂಸನ್ನು ತೊಡೆಗೆ ಹಾಕಿಕೊಳ್ಳಲು. ಮಗು ಏಳಲು ಒದ್ದಾಡುತ್ತಿದೆ, ಇನ್ನೇನು ಬೀಳುತ್ತದೆ, ಬಿತ್ತು ಎನ್ನುವ ಹೊತ್ತಿನಲ್ಲಿ ಮಾತ್ರ ಅವರು ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಬಿಡುತ್ತಿದ್ದರು. ಚಳಿಯಾದವರು ಸುತ್ತಿಕೊಳ್ಳುತ್ತಾರಲ್ಲ, ಹಾಗೆ. ಬೇಸಿಗೆಯಲ್ಲೂ. ಅದನ್ನು ಕೈಗುಣ ಎನ್ನುವವರು ಒಮ್ಮೆಯೂ ಆ ಕೋಣೆಯಲ್ಲಿ ಕೂತು ನೋಡಿದವರಲ್ಲ.

ಹೆಸರು ಬರೆಯುವುದಿಲ್ಲ. ಕಾಲೇಜಿನ ಪತ್ರಿಕೆಗೆ ನಿಮ್ಮ ಬಗ್ಗೆ ಬರೆಯುತ್ತೇನೆ ಎಂದು ನಾನು ಒಂದು ಸಲ ಹೇಳಿದಾಗ ಅವರು, "ಎಸ್ರು ಗಿಸ್ರು ಬರ್ದೀಯ ಮತ್ತೆ. ಜನ ಉಡಿಕ್ಕಂಡು ಬತ್ತಾರೆ" ಎಂದಿದ್ದರು.

"ಬಂದ್ರೆ ಒಳ್ಳೇದಲ್ವಾ?"

"ಬಂದೋರ್ನ ಎಲ್ಲಿ ಕೂರ್ಸನೆ? ಚೀಲದ್ ಮ್ಯಾಲಾ?"

ಬೀದಿಯ ಎಲ್ಲರಿಗೂ ಅವರು ದೊಡ್ಡವ್ವ. ನನಗೂ ಅಷ್ಟೇ.

ಹೊಳೆನರಸೀಪುರದಲ್ಲಿ ನನ್ನ ಅಕ್ಕ ಬಾಡಿಗೆಗಿದ್ದ ಮನೆಯ ಹಿಂದುಗಡೆ ಅವರದ್ದು ಎರಡು ಕೋಣೆಯ ಹಳೇ ಹೆಂಚಿನ ಮನೆ. ಅದಕ್ಕೆ ಮೊದಲು ಹಾಸನದ ಆಲೂಗೆಡ್ಡೆ ಮಂಡಿಯಲ್ಲಿ ಚೀಲದ ಬಾಯಿ ಹೊಲಿಯುವ ಕೆಲಸ ಮಾಡಿದ್ದವರು. ಗೋಣಿಗೆ ದಬ್ಬಣ ತೂರಿಸಿ ತೂರಿಸಿ ಬಲಗೈಯ ಎರಡು ಬೆರಳು ಒಳಗೆ ಬಾಗಿ ಹಾಗೇ ನಿಂತಿದ್ದವು. ಮಂಡಿ ಬಿಟ್ಟ ಮೇಲೆ, ಕೆಲಸಕ್ಕೆ ಹೋಗುವ ಹೆಂಗಸರ ಕೂಸುಗಳನ್ನು ಬೆಳಗಿನಿಂದ ಸಂಜೆಯವರೆಗೆ ನೋಡಿಕೊಳ್ಳುತ್ತಿದ್ದರು. ಸೊಪ್ಪು ಮಾರುವವಳ ಮಗಳು, ಆಸ್ಪತ್ರೆಯ ನರ್ಸಿನ ಅವಳಿ ಗಂಡುಮಕ್ಕಳು, ಹೀಗೆ ಐದೋ ಆರೋ. ಅಕ್ಕ ತಾಲ್ಲೂಕು ಕಚೇರಿಯಲ್ಲಿ ಎಸ್‌ಡಿಎ. ಭಾವ ಚನ್ನರಾಯಪಟ್ಟಣದ ಕಡೆ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಅವರ ಮಗನೂ ದೊಡ್ಡವ್ವನ ಆ ಕೂಸುಗಳ ಜೊತೆ ಸೇರಿದ. ನಾನು ಹಾಸನದಲ್ಲಿ ಲಾ ಓದುತ್ತಿದ್ದೆ. ವಾರಕ್ಕೆ ಎರಡು ಮೂರು ದಿನ ಬಸ್ಸು ಹತ್ತಿ ಅಕ್ಕನ ಮನೆಗೆ ಬರುತ್ತಿದ್ದೆ.

ಆ ಮುಂದಿನ ಕೋಣೆಯಲ್ಲಿ ಅಂಗಡಿಯ ಆಟದ ಸಾಮಾನು ಒಂದೂ ಇರಲಿಲ್ಲ. ಇದ್ದದ್ದು ನಾಲ್ಕು ಚೀಲ. ಒಂದಕ್ಕೆ ರಾಗಿಹುಲ್ಲು, ಒಂದಕ್ಕೆ ಕಾಳು ಬಿಡಿಸಿದ ಮುಸುಕಿನ ಜೋಳದ ದಿಂಡು, ಒಂದಕ್ಕೆ ತೆಂಗಿನ ನಾರು, ಒಂದಕ್ಕೆ ಹಳೇ ಬಟ್ಟೆ. ಗೋಣಿ ಮೈ ತರಚದಿರಲೆಂದು ಮೇಲೆ ಹಳೇ ಸೀರೆಯ ಹೊದಿಕೆ. ಹೊಲಿಗೆ ಎಂಥದ್ದೆಂದರೆ ನಾನು ಉಗುರು ತೂರಿಸಲು ನೋಡಿ ಸೋತಿದ್ದೇನೆ. ಇವುಗಳ ಜೊತೆ ಎರಡೂ ಕಡೆ ಬಾಯಿ ತೆಗೆದ ದೊಡ್ಡ ರಟ್ಟಿನ ಪೆಟ್ಟಿಗೆಗಳು, ಟ್ರಾಕ್ಟರಿನ ಒಂದು ಹಳೇ ಟ್ಯೂಬು, ಒಂದು ಈಚಲು ಚಾಪೆ, ಎರಡು ಮೊರ. ಅಷ್ಟೇ. ಸಣ್ಣ ಸಾಮಾನು ಯಾವುದು ಒಳಗೆ ಬಂದರೂ ಅವರು ಕೈಯಲ್ಲಿದ್ದ ಒಂದೇ ಬಳೆಯನ್ನು ತೆಗೆದು ಅದರೊಳಗೆ ತೂರಿಸಿ ನೋಡುತ್ತಿದ್ದರು. ತೂರಿತೋ, ಅದು ಹೊರಗೆ. "ಬಳೇಲಿ ತೂರೋದು ಬಾಯ್ಲೂ ತೂರ್ತದೆ." ಇದಕ್ಕೆ ಮಾತ್ರ ನಾನು ಎಂದೂ ಪ್ರತಿವಾದ ಹೂಡಲಿಲ್ಲ.

ಮಿಕ್ಕಿದ್ದಕ್ಕೆಲ್ಲ ಹೂಡಿದ್ದೇನೆ.

ಮೊದಲನೇ ದಿನ ನಾನು ಕೇಳಿದ್ದು, "ಈ ಚೀಲ ಯಾವುದಕ್ಕೆ?"

"ನಂಗೇನು ಗೊತ್ತು? ಅವ್ನ ಕೇಳು" ಎಂದು ಅಕ್ಕನ ಮಗನ ಕಡೆ ತೋರಿಸಿದರು.

"ಅವನಿಗೆ ಇನ್ನೂ ಮಾತು ಬರಲ್ಲ, ದೊಡ್ಡವ್ವ."

"ಅದ್ಕೇ ನೋಡ್ತಾ ಕುಂತಿವ್ನಿ."

ನೋಡುತ್ತಾ ಕೂತರೆ ಕಾಣುತ್ತಿದ್ದದ್ದು ಇದು. ಹುಲ್ಲಿನ ಚೀಲ ಬೆಳಿಗ್ಗೆ ಎಮ್ಮೆ, ಹತ್ತು ಗಂಟೆಗೆ ಅದೇ ಬಸ್ಸು. ಅವಳಿಗಳಲ್ಲಿ ಒಬ್ಬ ಮೇಲೆ ಕೂತು ಹಾಸನದ ಬಸ್ಸಿನ ಕಂಡಕ್ಟರನಂತೆ "ಆಸ್ನ ಆಸ್ನ ಆಸ್ನ!" ಎಂದು ಕೂಗಿದರೆ ಇನ್ನೊಬ್ಬ ಹಿಂದಿನಿಂದ ನೂಕುತ್ತಿದ್ದ. ಆಮೇಲೆ ಅದು ಬೆಟ್ಟ. ಹತ್ತಿ ಆಚೆ ಉರುಳಿ, ಮತ್ತೆ ಸುತ್ತು ಹಾಕಿ ಬಂದು ಹತ್ತುವುದು. ದಿಂಡಿನ ಚೀಲ ಕಟಕಟ ಎನ್ನುತ್ತಿತ್ತು. ನಾರಿನದ್ದು ಬಿದ್ದವರನ್ನು ಮೇಲಕ್ಕೆ ಎಸೆಯುತ್ತಿತ್ತು. ಬಟ್ಟೆಯದ್ದು ಜಗ್ಗುತ್ತಿರಲಿಲ್ಲ, ಅದನ್ನು ನೂಕಲು ಇಬ್ಬರು ಬೇಕು. ಆ ಇಬ್ಬರು ಒಬ್ಬರನ್ನೊಬ್ಬರು ಕರೆಯುವುದನ್ನು ಕಲಿತದ್ದು ಆ ಚೀಲದ ದೆಸೆಯಿಂದ ಎಂದು ದೊಡ್ಡವ್ವನ ವಾದ. ಹೊರಗೆ ಮಳೆಯೋ ಬಿಸಿಲೋ, ಹತ್ತಡಿ ಕೋಣೆಯೊಳಗೆ ಸಂಜೆಯವರೆಗೆ ಬೆವರು ಸುರಿಸಿಕೊಂಡು ಓಡಾಡುತ್ತಿದ್ದವು.

ನಾನು ಹಾಸನದಿಂದ ಒಂದು ಆಟದ ಸಾಮಾನು ತಂದೆ. ಗುಂಡಿ ಒತ್ತಿದರೆ ಬಣ್ಣದ ದೀಪ, ಇಂಗ್ಲಿಷಿನಲ್ಲಿ ಎಬಿಸಿಡಿ ಹಾಡು. ದೊಡ್ಡವ್ವ ಒಂದು ಸಲ ಒತ್ತಿದರು, ಇನ್ನೊಂದು ಸಲ ಒತ್ತಿದರು. "ಚೆನ್ನಾಗ್ ಆಡ್ತದೆ ಕಣವ್ವ" ಎಂದರು. "ಮಕ್ಳಿಗೇನು ಕೆಲ್ಸ?"

ನಾನು ಮೂರು ಅಂಶ ಮಂಡಿಸಿದೆ. ಭಾಷೆ ಕಲಿಯುತ್ತದೆ, ಬಣ್ಣ ಗುರುತಿಸುತ್ತದೆ, ಮೂರನೆಯದಾಗಿ ಗಮನ ಕೇಂದ್ರೀಕರಿಸುತ್ತದೆ. ಅವರು ಶ್ರದ್ಧೆಯಿಂದ ಕೇಳಿದರು. ಮರುದಿನ ಆ ಸಾಮಾನು ಎಲ್ಲೂ ಕಾಣಲಿಲ್ಲ. ಮೂಲೆಗೆ ಎಸೆದಿದ್ದಾರೆ ಎಂದು ನನಗೆ ಸಿಟ್ಟು ಬಂತು. ಅಷ್ಟರಲ್ಲಿ ಸೊಪ್ಪಿನವಳ ಮಗಳು ಬಟ್ಟೆಯ ಚೀಲದ ಮೇಲೆ ಬಿದ್ದಳು, ಚೀಲದ ಹೊಟ್ಟೆಯೊಳಗಿನಿಂದ ಎಬಿಸಿಡಿ ಹಾಡು ಕೇಳಿಸಿತು. ಒಳಗಿಟ್ಟು ಹೊಲಿದುಬಿಟ್ಟಿದ್ದರು! ಮಕ್ಕಳು ಆ ಹಾಡು ಎಲ್ಲಿದೆಯೆಂದು ಚೀಲವನ್ನು ಉರುಳಿಸಿ, ಗುದ್ದಿ, ಕಿವಿಯಿಟ್ಟು, ಎಳೆದಾಡಿ ಎರಡು ವಾರ ಹುಡುಕಿದವು. ಆಮೇಲೆ ಹಾಡು ನಿಂತಿತು. ಹುಡುಕುವುದು ನಿಲ್ಲಲಿಲ್ಲ.

ಚರ್ಚಾಸ್ಪರ್ಧೆಯ ಕಪ್ಪೊಂದನ್ನು ಅವರಿಗೆ ತೋರಿಸಿದ್ದೂ ನೆನಪಿದೆ. "ಇದ್ರಲ್ಲಿ ಕಾಪಿ ಕುಡೀಬೋದಾ?" ಎಂದು ಕೇಳಿದರು. ಇಲ್ಲ ಎಂದೆ. ಬಳೆ ತೆಗೆದು ಅಳತೆ ನೋಡಿದರು. ತೂರಲಿಲ್ಲ. "ಇಲ್ಲೇ ಇರ್ಲಿ ಬುಡು." ಜಿಲ್ಲಾ ಮಟ್ಟದ ಆ ಕಪ್ಪನ್ನು ನನ್ನ ಅಕ್ಕನ ಮಗ ಬಹಳ ದಿನ ಟೋಪಿಯಾಗಿ ಹಾಕಿಕೊಂಡಿದ್ದ.

ಆದರೆ ಅದು ಆಮೇಲಿನ ಮಾತು. ಅಲ್ಲಿಗೆ ಬಂದ ಹೊಸತರಲ್ಲಿ ಅವನು ಏನನ್ನೂ ಹಾಕಿಕೊಳ್ಳುತ್ತಿರಲಿಲ್ಲ. ಹದಿಮೂರು ತಿಂಗಳ ಕೂಸು, ಕೂರಿಸಿದಲ್ಲಿ ಕೂತಿರುತ್ತಿದ್ದ. ತೆವಳುವುದಿಲ್ಲ, ಅಂಬೆಗಾಲಿಲ್ಲ. ಬಾಣಂತನ ಮುಗಿದ ಮೇಲೂ ಅವನನ್ನು ನೆಲಕ್ಕೆ ಬಿಟ್ಟವರಿಲ್ಲ. ಸೊಂಟದಿಂದ ಸೊಂಟಕ್ಕೆ, ಸೊಂಟದಿಂದ ಚಕ್ರದ ವಾಕರಿಗೆ. ಹಾಸನದ ಡಾಕ್ಟರು ಕಾಲು, ಬೆನ್ನು ಎಲ್ಲ ಪರೀಕ್ಷೆ ಮಾಡಿ, "ಏನೂ ತೊಂದರೆಯಿಲ್ಲ, ನೆಲದ ಮೇಲೆ ಬಿಡಿ" ಎಂದಿದ್ದರು. ದೊಡ್ಡವ್ವನೂ ಮಗುವನ್ನು ಸೇರಿಸಿಕೊಳ್ಳುವ ಮೊದಲು ಕೇಳಿದ್ದು ಅದನ್ನೇ: "ಡಾಕ್ಟ್ರಿಗೆ ತೋರ್ಸಿದ್ದೀಯಾ? ತೋರ್ಸಿ ಬಾ. ನಾನು ಔಸ್ದಿ ಕೊಡೋಳಲ್ಲ." ಕೈಗುಣದ ಕತೆ ಹೇಳುವವರು ಈ ಮಾತನ್ನು ಬಿಟ್ಟುಬಿಡುತ್ತಾರೆ.

ಅಕ್ಕನಿಗೆ ಮಗುವಿನ ಚಿಂತೆಗಿಂತ ದೊಡ್ಡದಾಗಿ ಇನ್ನೊಂದಿತ್ತು. ಅರಕಲಗೂಡಿನ ಹತ್ತಿರದ ಊರಿನಲ್ಲಿದ್ದ ಅವಳ ಅತ್ತೆ. ಕೆಟ್ಟವರಲ್ಲ. ಹೊಲ, ದನ, ಮಾತು ಮೂರೂ ಜೋರು. ನಮ್ಮ ಕಡೆ ಕೂಸು ಮೊದಲನೇ ಸಲ ತಾನಾಗಿ ಹೊಸಿಲು ದಾಟಿದರೆ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಕಾಯಿಚೂರಿಗೆ ಸಕ್ಕರೆ ಬೆರೆಸಿ ಹಂಚುತ್ತಾರೆ. ಅತ್ತೆ ಆ ಕಾಯಿಗಾಗಿ ಕಾಯುತ್ತಿದ್ದರು. ಒಂದು ಸಂಜೆ ಅಕ್ಕ ಮಗನನ್ನು ಕರೆದುಕೊಳ್ಳಲು ದೊಡ್ಡವ್ವನ ಮನೆಗೆ ಬಂದಿದ್ದಾಗ ಅವರ ಫೋನು ಬಂತು. ಅಕ್ಕ ಕೈಯಲ್ಲಿ ಬ್ಯಾಗು ಹಿಡಿದುಕೊಂಡೇ ಸ್ಪೀಕರಿಗೆ ಹಾಕಿದಳು.

"ತಾಯಿ ಆಪೀಸಲ್ಲಿ ಕುಂತ್ರೆ ಮಗ ಇನ್ನೆಂಗವ್ವಾ ಓಡಾಡದು? ನಾನು ಸಂಕ್ರಾಂತಿಗೆ ಬತ್ತೀನಿ. ಅಷ್ಟೊತ್ಗೆ ಒಸ್ಲು ದಾಟಿದ್ರೆ ಸೈ. ಇಲ್ದಿದ್ರೆ ನೀನು ಕೆಲ್ಸ ಬುಡು, ಇಲ್ಲ ಕೂಸ್ನ ನಮ್ಮೂರಿಗೆ ಕಳ್ಸು. ಇನ್ನೊಂದ್ ಮಾತು. ಮೊದ್ಲು ನಿಮ್ಮನೆ ಒಸ್ಲೇ ದಾಟ್ಬೇಕು. ತಾಯಿ ಕಣ್ಮುಂದೆ. ಕಂಡೋರ್ ಮನೆ ಒಸ್ಲು ದಾಟ್ತು ಅಂತ ಕೇಳುದ್ರೆ ನಾನು ಸುಮ್ಕಿರಕಿಲ್ಲ, ಆಮೇಲೆ ಒಂದಿನವೂ ಅಲ್ಲಿ ಬುಡಕಿಲ್ಲ."

ಫೋನು ಇಟ್ಟ ಮೇಲೆ ನಾನು ರೇಗಿದೆ. ಹೊಸಿಲು ಬಂದವರ ವಿಳಾಸ ಕೇಳುತ್ತದೆಯೇ, ಯಾವ ಮರದ ದಿಮ್ಮಿ ಮೊದಲು ಎನ್ನುವುದಕ್ಕೂ ಮಗುವಿನ ಕಾಲಿಗೂ ಏನು ಸಂಬಂಧ, ಇತ್ಯಾದಿ. ಅಕ್ಕ, "ನಿನ್ನ ವಾದ ನಂಗೆ ಬೇಡ ಕಣೇ, ಸಂಕ್ರಾಂತಿಗೆ ಇನ್ನು ಆರು ವಾರ ಇದೆ ಅಷ್ಟೇ" ಎಂದಳು. ದೊಡ್ಡವ್ವ ಹುಲ್ಲಿನ ಚೀಲವನ್ನು ಗೋಡೆಗೆ ಒರಗಿಸಿ, ಅದರ ಹೊದಿಕೆಯನ್ನು ಎಳೆದು ಸರಿಮಾಡಿದರು.

ಆ ಆರು ವಾರಗಳಲ್ಲಿ ನಾನು ಸಿಕ್ಕಾಗಲೆಲ್ಲ ಕೂತು ನೋಡಿದೆ. ಸುಳ್ಳು ಹಿಡಿಯಬೇಕೆಂದೇ ನೋಡಿದೆ. ಅವರು ಮಾಡಿದ್ದು ಹೇಳಲೂ ನಾಚಿಕೆಯಾಗುವಷ್ಟು ಕಡಿಮೆ. ಮಗುವನ್ನು ನೆಲದ ಮೇಲೆ ಕೂರಿಸಿ, ಹಗುರವಾದ ಹುಲ್ಲಿನ ಚೀಲವನ್ನು ಅವನ ಎದೆಗೆ ತಾಗುವಂತೆ ಇಟ್ಟರು. ಮೊದಲ ವಾರ ಅವನು ಅದಕ್ಕೆ ಕೆನ್ನೆ ಒರಗಿಸಿ ನಿದ್ದೆ ಮಾಡಿದ. ಎರಡನೇ ವಾರ ಸೊಪ್ಪಿನವಳ ಮಗಳು ಆ ಕಡೆಯಿಂದ ನೂಕಿದಳು, ಚೀಲದ ಜೊತೆ ಅವನೂ ಅಂಗಾತ ಬಿದ್ದ. ನಾನು ಎತ್ತಲು ಎದ್ದೆ.

"ಕೈ ಸುತ್ಕೊ" ಎಂದರು ದೊಡ್ಡವ್ವ.

"ಅಳ್ತಿದಾನೆ!"

"ಅಳ್ತಿಲ್ಲ. ಬಯ್ತಾವ್ನೆ."

ನಿಜಕ್ಕೂ ಬೈಯುತ್ತಿದ್ದ. ಬೈದುಕೊಂಡೇ ಮಗ್ಗುಲಾದ, ಚೀಲವನ್ನು ಹಿಡಿದು ಗುದ್ದಿದ, ಅದು ಅಷ್ಟು ದೂರ ಜರುಗಿತು. ಜರುಗಿದ್ದನ್ನು ಮತ್ತೆ ಗುದ್ದಬೇಕಾದರೆ ಅವನೂ ಅಷ್ಟು ದೂರ ಜರುಗಬೇಕಿತ್ತು. ನಾನು ನನ್ನ ದುಪಟ್ಟಾದಲ್ಲಿ ಕೈ ಸುತ್ತಿಕೊಂಡು ಕೂತೆ. ಎತ್ತದೆ ಕೂರುವುದು ಎಷ್ಟು ಕಷ್ಟದ ಕೆಲಸ ಎಂದು ಅವತ್ತು ತೋಳಿನ ಸ್ನಾಯುಗಳಿಗೆ ಗೊತ್ತಾಯಿತು.

"ಇದರಿಂದ್ಲೇ ಓಡಾಡ್ತಾನೆ ಅನ್ನೋದಕ್ಕೆ ಏನು ಸಾಕ್ಷಿ?" ಎಂದು ಕೇಳದೆ ಬಿಡಲಿಲ್ಲ.

"ಮಂಡೀಲಿ ನೋಡಿವ್ನಿ. ಜೋಲೀಲಿ ಕಟ್ಟಿದ್ ಕೂಸು ಮಲ್ಗಿರದು. ಚೀಲದ್ ಸಂದೀಲಿ ಬುಟ್ಟಿದ್ ಕೂಸು ಮಂಡೀನೆಲ್ಲಾ ಅಳ್ದು ಬರದು."

"ಅದು ಸಾಕ್ಷಿಯಾಗಲ್ಲ, ದೊಡ್ಡವ್ವ. ಎಷ್ಟು ಕೂಸು ನೋಡಿದ್ರಿ? ಜೋಲಿಯಲ್ಲಿದ್ದವೂ ಆಮೇಲೆ ನಡೆದಿರ್ತವೆ."

"ನಡ್ದಿರ್ತವೆ. ಇಲ್ಲ ಅಂದೋರ್ಯಾರು? ಇವ್ನೂ ನಡೀತಾನೆ. ನನ್ನಿಂದ ಅಂತ ನಾನೆಲ್ಲಂದೆ? ಕಾಲು ಅವಂದು."

"ಹಾಗಾದ್ರೆ ನೀವೇನು ಮಾಡ್ತೀರಿ?"

"ಅಡ್ಡ ಬರಕಿಲ್ಲ."

ವಾದ ಮಾಡುವವಳಿಗೆ ಇಂಥ ಎದುರಾಳಿ ತುಂಬಾ ಕಷ್ಟ. ನಾನು ಕೆಡವಬೇಕೆಂದುಕೊಂಡದ್ದನ್ನೆಲ್ಲ ಅವರು ಮೊದಲೇ ಬಿಟ್ಟುಕೊಟ್ಟಿರುತ್ತಿದ್ದರು.

ಡಿಸೆಂಬರಿನ ಕೊನೆಯ ಹೊತ್ತಿಗೆ ಅವನು ಚೀಲವನ್ನು ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದ. ರಟ್ಟಿನ ಪೆಟ್ಟಿಗೆಯೊಳಗೆ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ತಲೆ ಹಾಕಿ, ಯಾರನ್ನೋ ಹಿಡಿದುಹಾಕಿದವನಂತೆ ನಗುತ್ತಿದ್ದ. ಹೊಸಿಲೊಂದು ಬಾಕಿ. ದೊಡ್ಡವ್ವನ ಮನೆಯದ್ದು ಕಲ್ಲಿನ ಹೊಸಿಲು, ಅರ್ಧ ಗೇಣು ಎತ್ತರ. ಬಾಗಿಲಿಗೆ ಅಡ್ಡ ಯಾವಾಗಲೂ ಒಂದು ಚೀಲ ಇರುತ್ತಿತ್ತು.

ಒಂದು ಬುಧವಾರ ನನ್ನ ಪರೀಕ್ಷೆ ಮಧ್ಯಾಹ್ನಕ್ಕೇ ಮುಗಿದು ಬೇಗ ಬಂದೆ. ಬಾಗಿಲಿಗೆ ಅಡ್ಡ ಚೀಲ ಇರಲಿಲ್ಲ. ಹೊಸಿಲು ಒದ್ದೆಯಾಗಿತ್ತು. ಮೂಲೆಯಲ್ಲಿ ಒಂದಿಷ್ಟು ಕುಂಕುಮ. ಒಳಗೆ ಕೂಸುಗಳೆಲ್ಲ ಮಲಗಿದ್ದವು. ದೊಡ್ಡವ್ವ ಒಂದು ತಟ್ಟೆಯಲ್ಲಿ ಕಾಯಿಚೂರು, ಸಕ್ಕರೆ ತಂದು ನನ್ನ ಮುಂದೆ ಇಟ್ಟರು.

"ಏನು ವಿಶೇಷ?"

"ಯಾವ್ ಇಸೇಸ? ಕಾಯಿ ಕೆಟ್ಟೋಯ್ತಿತ್ತು, ಒಡ್ದೆ."

ನಾನು ತಿಂದೆ. ಚೆನ್ನಾಗಿತ್ತು, ಕೆಡುವ ವಾಸನೆಯೇ ಇರಲಿಲ್ಲ. ಪರೀಕ್ಷೆಯಲ್ಲಿ ಸಾಂದರ್ಭಿಕ ಸಾಕ್ಷ್ಯದ ಮೇಲೆ ಐದು ಪುಟ ಬರೆದು ಬಂದಿದ್ದವಳು, ಎದುರಿಗಿದ್ದ ಸಾಕ್ಷ್ಯವನ್ನು ಚಪ್ಪರಿಸಿ ತಿಂದು ಇನ್ನೊಂದಿಷ್ಟು ಹಾಕಿಸಿಕೊಂಡೆ.

ಸಂಜೆ ಅಕ್ಕ ಬಂದಳು. ಅವಳಿಗೂ ತಟ್ಟೆ. "ಕಾಯಿ ಕೆಟ್ಟೋಯ್ತಿತ್ತು ಕಣವ್ವ" ಎಂದರು ದೊಡ್ಡವ್ವ, ಅಕ್ಕನ ಮುಖ ನೋಡದೆ. ಅಕ್ಕ ಒಂದು ಚಿಟಿಕೆ ತೆಗೆದುಕೊಂಡು, ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಮಗನ ತುಟಿಗೆ ಒಂದು ಹರಳು ಸಕ್ಕರೆ ಸವರಿದಳು. ಹೊರಡುವಾಗ ಹೊಸಿಲಿನ ಮುಂದೆ ಸ್ವಲ್ಪ ಹೊತ್ತು ನಿಂತು, ಅದನ್ನು ತುಳಿಯದೆ ಕಾಲು ಎತ್ತಿಟ್ಟು ದಾಟಿದಳು.

ದೊಡ್ಡವ್ವ ಹಿಂದಿನಿಂದ ಹೇಳಿದರು. "ಭಾನುವಾರ ಉಲ್ಲಿನ್ ಚೀಲ ತಕ್ಕಂಡೋಗವ್ವ. ನಿಮ್ಮನೆ ಒಸ್ಲಿಗೆ ಒರಗ್ಸು. ನೀನು ಆಚ್ಗೆ ಕುಂತ್ಕೊ. ಕರೀಬ್ಯಾಡ, ಕೈ ನೀಡ್ಬ್ಯಾಡ. ಕೈ ಸುತ್ಕೊ."

ಭಾನುವಾರ ಅಕ್ಕ ಹೇಳಿದಂತೆಯೇ ಮಾಡಿದಳು. ಭಾವ ಮೊಬೈಲು ಹಿಡಿದು ನಿಂತಿದ್ದರು. ನಾನು ಗೋಡೆಗೆ ಒರಗಿದ್ದೆ. ಮಗ ಚೀಲವನ್ನು ನೂಕಿದ, ಅದು ಹೊಸಿಲಿನ ಮೇಲೆ ಉರುಳಿ ಆಚೆ ಬಿತ್ತು. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡೂ ಕೈ ಮರದ ಮೇಲೆ ಊರಿ, ಒಂದು ಮೊಣಕಾಲು ಎತ್ತಿ, ಇನ್ನೊಂದನ್ನು ಎಳೆದುಕೊಂಡು ದಾಟಿ, ಚೀಲದ ಮೇಲೆ ಬಿದ್ದ. ಎಷ್ಟು ಸಲೀಸಾಗಿ ದಾಟಿದ ಎಂದು ನಾನೇ ಆಶ್ಚರ್ಯಪಟ್ಟೆ. ಆಶ್ಚರ್ಯಪಟ್ಟು ಅಲ್ಲಿಗೇ ಬಿಟ್ಟೆ. ಅಕ್ಕ ಸೆರಗಿನೊಳಗೆ ಕೈ ಸುತ್ತಿಕೊಂಡೇ ಕೂತು ಅಳುತ್ತಿದ್ದಳು, ಬಹಳ ಹೊತ್ತು ಅತ್ತಳು.

ಕಾಯಿ ಒಡೆದೆವು. ಸಂಕ್ರಾಂತಿಗೆ ಅತ್ತೆ ಎಳ್ಳು ಬೆಲ್ಲದ ಡಬ್ಬಿಯ ಜೊತೆ ಬಂದರು. ತಮ್ಮ ಹರಕೆ ಫಲಿಸಿತೆಂದು ಬೀದಿಗೆಲ್ಲ ಹೇಳಿದರು. ದೊಡ್ಡವ್ವನ ಕೋಣೆಗೂ ಹೋಗಿ ಕೂತರು. "ಇದ್ರೊಳ್ಗೆ ಏನೈತೆ?" ಎಂದು ಚೀಲವನ್ನು ಒತ್ತಿ ನೋಡಿದರು. "ಜ್ವಾಳದ್ ದಿಂಡು" ಎಂದರು ದೊಡ್ಡವ್ವ. ಮುಂದಿನ ತಿಂಗಳು ಅರಕಲಗೂಡಿನ ಕಡೆಯಿಂದ ಎರಡು ಮೂಟೆ ದಿಂಡು ಬಂತು. ಅಕ್ಕ ಕೆಲಸ ಬಿಡಲಿಲ್ಲ. ಕೂಸು ಊರಿಗೆ ಹೋಗಲಿಲ್ಲ. ಇನ್ನೆರಡು ತಿಂಗಳಿಗೆ ನನ್ನ ಕಪ್ಪು ತಲೆಗೆ ಹಾಕಿಕೊಂಡು ನಡೆದಾಡತೊಡಗಿದ.

ಈಗ ಅವನಿಗೆ ನಾಲ್ಕು ವರ್ಷ. ದೊಡ್ಡವ್ವ ಹೋದ ತಿಂಗಳು ಮಲಗಿದ್ದವರು ಏಳಲಿಲ್ಲ. ಕೊಣನೂರಿನಿಂದ ಅವರ ಅಣ್ಣನ ಮಗ ಬಂದು ಕಾರ್ಯ ಮಾಡಿದ.

ತಿಥಿಯ ಊಟದಲ್ಲಿ ಕೈಗುಣದ ಮಾತು ಬಂದಾಗ ನಾನು ಎಂದಿನಂತೆ ಎದ್ದು ನಿಂತು ಖಂಡಿಸಲು ತಯಾರಾಗಿದ್ದೆ. ಅಷ್ಟರಲ್ಲಿ ಪಕ್ಕದ ಎಲೆಯ ಸೊಪ್ಪಿನವಳು ಹೇಳಿದಳು, "ಕೈಗುಣನೋ ಏನೋ ನಂಗೊತ್ತಿಲ್ಲ. ನನ್ ಮಗ್ಳು ಒಸ್ಲು ದಾಟಿದ್ದು ನಮ್ಮನೇಲೇ, ನನ್ ಕಣ್ಮುಂದೆ. ಅದ್ಕೆ ಎಲ್ಡ್ ದಿನ ಮುಂಚೆ ದೊಡ್ಡವ್ವ ಕಾಯಿ ಸಕ್ರೆ ಕೊಟ್ಟಿತ್ತು, ಬಾಯಿ ಸಿಹಿ ಆಗಿತ್ತು. ಕಾಯಿ ಕೆಟ್ಟೋಯ್ತಿತ್ತಂತೆ."

ನರ್ಸಮ್ಮ ಎಲೆಯಿಂದ ತಲೆ ಎತ್ತಿದರು. "ನಮ್ಮ ಹುಡುಗರಿಗೂ! ಕಾಯಿ ಕೆಟ್ಟೋಗ್ತಿದೆ ಅಂತ ನಂಗೂ ಕೊಟ್ಟಿದ್ರು."

ನಾನು ಊಟ ಬಿಟ್ಟು ಎದ್ದು ಹೋಗಿ ಆ ಕಲ್ಲಿನ ಹೊಸಿಲನ್ನು ನೋಡಿದೆ. ಬಲಗಡೆಯ ಅಂಚು ಒಂದೇ ಜಾಗದಲ್ಲಿ ಚೂರು ಚೂರಾಗಿ ಎದ್ದಿತ್ತು, ಎಷ್ಟೋ ಕಾಯಿಗಳನ್ನು ಅಲ್ಲೇ ಒಡೆದ ಏಟಿಗೆ. ಶಾಸ್ತ್ರವನ್ನು ಅವರು ಬಿಟ್ಟಿರಲಿಲ್ಲ. ಕೂಸುಗಳು ಮೊದಲು ದಾಟಿದ್ದು ಈ ಹೊಸಿಲನ್ನೇ ಎಂದು ತಾಯಂದಿರಿಗೆ ಹೇಳಿಯೂ ಇರಲಿಲ್ಲ. ಮೊದಲ ಸಲವನ್ನು ಅವರವರ ಮನೆಗೆ ಕಳಿಸಿಕೊಟ್ಟಿದ್ದರು, ಚೀಲವನ್ನೂ ಜೊತೆಗೆ ಕೊಟ್ಟು. ಇದು ಸುಳ್ಳು ಎಂದು ನನ್ನ ತರಬೇತಿ ಹೇಳುತ್ತದೆ. ಇನ್ನೂ ಹೇಳುತ್ತಿದೆ.

ಸಂಜೆ ಅಣ್ಣನ ಮಗ ಕೋಣೆ ಖಾಲಿ ಮಾಡುತ್ತಿದ್ದ. ಅಕ್ಕ ಹುಲ್ಲಿನ ಚೀಲ ಕೇಳಿ ಇಸಿದುಕೊಂಡಳು. ಹಳತಾಗಿ, ಚಪ್ಪಟೆಯಾಗಿ, ಒಂದು ಕಡೆ ವಾಲಿದ್ದ ಅದನ್ನು ಅವಳು ಕೂಸನ್ನು ಎತ್ತಿಕೊಂಡಂತೆ ಸೊಂಟಕ್ಕೆ ಇಟ್ಟುಕೊಂಡು ಮುಂದೆ ನಡೆದಳು. ಹೊಸಿಲಿನ ಮುಂದೆ ಬಂದಾಗ ಮತ್ತೆ ಆ ಕಾಯಿಚೂರಿನ ಸಂಜೆಯಂತೆಯೇ, ತುಳಿಯದೆ, ಕಾಲು ಎತ್ತಿಟ್ಟು ದಾಟಿದಳು. ಹಿಂದೆ ಬರುತ್ತಿದ್ದ ನಾನು ಆ ಕಾಲನ್ನು ನೋಡಿದೆ.

"ಅಕ್ಕ, ಆ ಬುಧವಾರಾನೇ ನಿಂಗೆ ಗೊತ್ತಾಗಿತ್ತು ಅಂದ್ರೆ, ಭಾನುವಾರ ನೀನು ಅಷ್ಟೊಂದು ಅತ್ತಿದ್ದು ಯಾಕೆ?"